ತೊಟ್ಟಿಗಿಳಿಯದ ಜಾಕೆಟ್ಟುಗಳು

ರಸ್ತೆ ಮುಗಿಯುವ ಊರಿಗೆ ಹೋಗೋಣ ಎಂದು ಅವಳು ಹೇಳಿದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಆ ಮನೆಯ ಪದ್ಧತಿಯೇ ಹಾಗೆ. ವರ್ಷಕ್ಕೊಂದು ಸಲ, ಮಗಳ ಶಾಲೆಗೆ ರಜೆ ಬಿದ್ದ ಮಾರನೆಯ ಬೆಳಿಗ್ಗೆ, ಡೇರೆ, ಚಾಪೆ, ಸ್ಟೌ ಎಲ್ಲವನ್ನೂ ಹಳೆಯ ವ್ಯಾನಿಗೆ ತುಂಬಿ ಹೊರಡುವುದು. ಎಲ್ಲಿಗೆ ಅನ್ನುವುದನ್ನು ವರ್ಷಕ್ಕೊಬ್ಬರು ಸರದಿಯಂತೆ ಹೇಳುವುದು. ಹೇಳಿದ ಮೇಲೆ ಉಳಿದವರು ಗೊಣಗಬಹುದೇ ಹೊರತು ತಕರಾರು ಎತ್ತುವ ಹಾಗಿಲ್ಲ. ಹೋದ ವರ್ಷ ಮಗಳ ಸರದಿ. ಅದರ ಹಿಂದಿನ ವರ್ಷ ಅತ್ತೆಯದು. ಅವರು ಮನೆಯಿಂದ ಅರ್ಧ ಗಂಟೆ ದೂರದ ಕೆರೆಯನ್ನು ಆರಿಸಿ, "ಕಕ್ಕಸು ಹತ್ತಿರ ಇರೋ ಕಡೆ ಹೋದ್ರೆ ಅದು ಪ್ರವಾಸ ಅಲ್ವಾ?" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದರು.

ಈ ಸಲ ಅವಳ ಸರದಿ.

"ಒಂಬತ್ತು ಗಂಟೆ ದಾರಿ," ಎಂದ ಗಂಡ, ಫೋನಿನಲ್ಲಿ ಊರನ್ನು ಹುಡುಕುತ್ತ. ಅವನು ಫ್ರಿಜ್ಜು ರಿಪೇರಿ ಮಾಡುವವನು. ಯಾವುದನ್ನು ನೋಡಿದರೂ ಇದು ಯಾಕೆ ಹೀಗಿದೆ ಎಂದು ಕೇಳುವುದು ಅವನ ಅಭ್ಯಾಸ. "ಹದಿನಾಲ್ಕು ಮನೆ ಇರ್ಬೇಕು ಅಷ್ಟೇ. ಅಂಥದ್ದೇನಿದೆ ಅಲ್ಲಿ?"

"ಸಮುದ್ರ."

"ಸಮುದ್ರ ಎರಡು ಗಂಟೆ ದೂರದಲ್ಲೂ ಇದೆಯಲ್ಲ ಇನ್‌ಸ್ಪೆಕ್ಟರೇ. ಅದ್ರಲ್ಲೂ ಇದೇ ನೀರು."

"ಸರದಿ ನನ್ನದು," ಎಂದಳು ಅವಳು. ಅಲ್ಲಿಗೆ ಮಾತು ಮುಗಿಯಿತು.

ಇನ್‌ಸ್ಪೆಕ್ಟರ್ ಅನ್ನುವುದು ಗಂಡ ಇಟ್ಟ ಹೆಸರು. ಅವಳು ಕೆಲಸ ಮಾಡುತ್ತಿದ್ದುದು ನೀರಿನಲ್ಲಿ ಬಿದ್ದವರನ್ನು ತೇಲಿಸುವ ಜಾಕೆಟ್ಟುಗಳನ್ನು ಹೊಲಿಯುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಹದಿನೆಂಟು ಹೊಲಿಗೆ ಯಂತ್ರ, ಫೋಮ್ ಕತ್ತರಿಸುವ ಉದ್ದನೆಯ ಮೇಜು, ಹಿಂದಿನ ಕೋಣೆಯಲ್ಲಿ ಎದೆಮಟ್ಟದ ಸಿಮೆಂಟಿನ ತೊಟ್ಟಿ. ಆ ತೊಟ್ಟಿ ಅವಳ ಪಾಲಿನದು. ಒಟ್ಟಿಗೆ ಹೊಲಿದ ಪ್ರತಿ ಕಂತಿನಿಂದ ಒಂದು ಜಾಕೆಟ್ಟು ತೆಗೆದು, ತಂತಿಬುಟ್ಟಿಯಲ್ಲಿಟ್ಟು, ಕಬ್ಬಿಣ ಕಟ್ಟಿ ಮುಳುಗಿಸಬೇಕು. ಮೇಲೆ ಬರಲು ಅದು ಎಷ್ಟು ಜಗ್ಗುತ್ತದೆ ಎಂದು ತಕ್ಕಡಿಯಲ್ಲಿ ನೋಡಿ ಬರೆಯಬೇಕು. ಒಂದು ಹಗಲು, ಒಂದು ರಾತ್ರಿ ಹಾಗೇ ಬಿಟ್ಟು ಮತ್ತೆ ನೋಡಬೇಕು. ಫೋಮ್ ಒಳ್ಳೆಯದಾದರೆ ಎರಡು ಅಂಕಿಯೂ ಹೆಚ್ಚುಕಡಿಮೆ ಒಂದೇ. ಕೆಟ್ಟದ್ದಾದರೆ ಅದು ಒಳಗೊಳಗೇ ನೀರು ಕುಡಿದು ಭಾರವಾಗಿರುತ್ತದೆ. ಹೊರಗಿನಿಂದ ನೋಡಿದರೆ ಎರಡಕ್ಕೂ ಅದೇ ಬಣ್ಣ, ಅದೇ ಹೊಲಿಗೆ.

ಹೋದ ವರ್ಷ, ಪ್ರವಾಸ ಹೊರಡುವ ಹಿಂದಿನ ಸಂಜೆ, ಮಕ್ಕಳ ಅಳತೆಯ ಹನ್ನೆರಡು ಜಾಕೆಟ್ಟುಗಳ ಒಂದು ಕಂತು ಹೊಲಿದು ಮುಗಿದಿತ್ತು. ಲಾರಿ ಬೆಳಿಗ್ಗೆಗೆ ಗೊತ್ತುಮಾಡಿಯಾಗಿತ್ತು. ಫೋಮ್ ಹೊಸ ಕಡೆಯಿಂದ ಬಂದದ್ದು. ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ಬಿದ್ದ ಗುಳಿ ಎದ್ದು ಬರಲು ಎಂದಿಗಿಂತ ಒಂದು ಉಸಿರು ಹೆಚ್ಚು ಹಿಡಿಯಿತು. ತೊಟ್ಟಿಗೆ ಇಳಿಸಿದರೆ ಲಾರಿ ಒಂದು ದಿನ ನಿಲ್ಲಬೇಕು. ತಾನೂ ನಿಲ್ಲಬೇಕು. ಅಷ್ಟರಲ್ಲಿ ಮಗಳ ಫೋನು ಬಂತು: "ಅಮ್ಮ, ಡೇರೆ ಗೂಟ ಎಲ್ಲ ಎಣಿಸಿಟ್ಟಿದೀನಿ. ಬೇಗ ಬಾ. ಯಾವಾಗಲೂ ನಿನ್ನಿಂದಾನೇ ತಡ." ಅವಳು ಹಿಂದಿನ ಕಂತಿನ ಅಂಕಿಗಳನ್ನೇ ಪರೀಕ್ಷೆಯ ಪುಸ್ತಕದಲ್ಲಿ ನಕಲು ಮಾಡಿದಳು. ಯಾರಿಗೂ ಅನುಮಾನ ಬಾರದಿರಲೆಂದು ಕೊನೆಯ ಅಂಕಿಯನ್ನು ಮಾತ್ರ ಒಂದು ಕಡಿಮೆ ಮಾಡಿ, ಸಹಿ ಹಾಕಿದಳು. ಉಳಿದದ್ದನ್ನು ಅವಸರ ಅನ್ನಬಹುದಿತ್ತು. ಆ ಕೊನೆಯ ಅಂಕಿಯನ್ನು ಹಾಗೆ ಅನ್ನಲು ಬರುತ್ತಿರಲಿಲ್ಲ.

ಆ ಪ್ರವಾಸದಷ್ಟು ಸಂತೋಷದ ಪ್ರವಾಸ ಇನ್ನೊಂದಿರಲಿಲ್ಲ. ಅದರ ಫೋಟೊ ನಡುಮನೆಯ ಗೋಡೆಯ ಮೇಲಿತ್ತು. ವಾರಕ್ಕೊಮ್ಮೆ ಅವಳು ಅದರ ಧೂಳು ಒರೆಸುತ್ತಿದ್ದಳು, ಬೇರೆಲ್ಲೋ ನೋಡುತ್ತ.

ತಿಂಗಳ ಹಿಂದೆ ಜಾಕೆಟ್ಟುಗಳು ಹೋಗಿದ್ದ ಊರಿನಿಂದ ಕಾರ್ಖಾನೆಗೆ ಕಾಗದ ಬಂತು. ಶಾಲೆಗೆ ಹೋಗುವ ದೋಣಿಗೆ ಮುಂದಿನ ವರ್ಷ ಮಕ್ಕಳು ಹೆಚ್ಚುತ್ತಾರೆ, ಇನ್ನೂ ಆರು ಬೇಕು. ಕೊನೆಯಲ್ಲಿ ಒಂದು ಸಾಲು: ಮೊದಲಿನಂಥವೇ ಇರಲಿ. ಮಾಲೀಕರು ಅದನ್ನು ಗಟ್ಟಿಯಾಗಿ ಓದಿ, "ನೋಡಮ್ಮ, ನಿನ್ನ ಸಹಿ ಇದ್ರೆ ನಾನು ಕಣ್ಣು ಮುಚ್ಕೊಂಡು ಕಳಿಸ್ತೀನಿ," ಎಂದರು. ಕಾಗದದಲ್ಲಿದ್ದ ನಂಬರಿಗೆ ಅವಳು ಎರಡು ಸಲ ಫೋನು ಮಾಡಿದಳು. ಎರಡು ಸಲವೂ ಆ ಕಡೆ ಹಲೋ ಅಂದ ಕೂಡಲೇ ಇಟ್ಟುಬಿಟ್ಟಳು.

ಆಮೇಲೆ ಅವಳಿಗೆ ಹೊಳೆದದ್ದು ಇದು: ತಾನೇ ಹೋಗುವುದು. ಯಾರಿಗೂ ಕಾಣದಂತೆ ಒಂದು ಜಾಕೆಟ್ಟನ್ನು ಸಮುದ್ರದಲ್ಲೇ ಒಂದು ದಿನ ಮುಳುಗಿಸಿ ನೋಡುವುದು. ಒಳ್ಳೆಯದಿದ್ದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಕೆಟ್ಟದ್ದಿದ್ದರೆ ಏನು ಅನ್ನುವಲ್ಲಿಗೆ ಬಂದಾಗಲೆಲ್ಲ ಅವಳು ಎದ್ದು ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಹೊರಡುವ ಬೆಳಿಗ್ಗೆ ಗಂಡ ಅವಳ ದಿಂಬನ್ನು ಎತ್ತಿ ವ್ಯಾನಿಗೆ ಹಾಕುವಾಗ ಸೊಂಟ ಹಿಡಿದುಕೊಂಡ. "ಏನೇ ಇದು ಇಷ್ಟು ಭಾರ? ನಿದ್ದೇನ ಮುಂಚೇನೇ ತುಂಬಿಟ್ಟಿದೀಯಾ?"

ದಿಂಬಿನ ಚೀಲದೊಳಗೆ ಕಾರ್ಖಾನೆಯ ಐದು ಕಿಲೋ ಕಬ್ಬಿಣವಿತ್ತು. "ಡೇರೆ ಗಾಳಿಗೆ ಹಾರದ ಹಾಗೆ ಇಡೋಕೆ," ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ತನ್ನ ನಾಲಿಗೆಯ ಬಗ್ಗೆ ಭಯವಾಯಿತು.

ದಾರಿಯುದ್ದಕ್ಕೂ ಮಗಳು ಸೇತುವೆಗಳನ್ನು ಎಣಿಸಿದಳು. ಒಂಬತ್ತು ವರ್ಷದ ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಕಡ್ಡಿ ಎಂದೇ. ತಿಂದದ್ದೆಲ್ಲ ಮಾತಿಗೇ ಖರ್ಚಾಗುತ್ತದೆ, ಮೈಗೆ ಉಳಿಯುವುದಿಲ್ಲ ಎಂದು ಅತ್ತೆಯ ದೂರು. ಅತ್ತೆ ಹಿಂದಿನ ಸೀಟಿನಲ್ಲಿ ತಮ್ಮ ಮಡಚುವ ಕುರ್ಚಿಯನ್ನು ತಬ್ಬಿಕೊಂಡು ಕೂತಿದ್ದರು.

"ಅಜ್ಜಿ, ಅದನ್ನ ಹಿಂದೆ ಹಾಕಬಹುದಲ್ಲ?"

"ನಿಮ್ಮಪ್ಪನ ಡ್ರೈವಿಂಗಿಗೆ ವ್ಯಾನ್ ಉಳಿಯುತ್ತೋ ಇಲ್ವೋ, ಕುರ್ಚಿಯಾದರೂ ಉಳೀಲಿ."

ಮುಂದಿನ ಸೀಟಿನಲ್ಲಿ ಅವಳು ನಗಬೇಕಾದ ಕಡೆಯಲ್ಲೆಲ್ಲ ನಕ್ಕಳು. ಮಧ್ಯಾಹ್ನದ ಹೊತ್ತಿಗೆ ಪೆಟ್ರೋಲ್ ಬಂಕುಗಳು ಮುಗಿದವು, ಆಮೇಲೆ ಮರಗಳು ಮುಗಿದವು, ಕೊನೆಗೆ ಡಾಂಬರೂ ಮುಗಿದು ರಸ್ತೆ ಮರಳಿನೊಳಗೆ ಹೂತುಹೋದ ಕಡೆ ವ್ಯಾನು ನಿಂತಿತು. ಎದುರಿಗೆ ಕೊಲ್ಲಿ. ಆಚೆ ದಡದಲ್ಲಿ ಬಿಳಿಯ ಉದ್ದನೆಯ ಕಟ್ಟಡ, ಶಾಲೆ. ಈಚೆ ದಡದಲ್ಲಿ ಗಾಳಿಗೆ ಬೆನ್ನು ಕೊಟ್ಟ ಮನೆಗಳು, ತಗಡಿನ ದೋಣಿಮನೆ. ಅದರ ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ್ದ ಕಿತ್ತಳೆ ಬಣ್ಣದ ಹನ್ನೆರಡು ಜಾಕೆಟ್ಟುಗಳು. ಬೆನ್ನ ಮೇಲೆ ಒಂದರಿಂದ ಹನ್ನೆರಡರವರೆಗೆ ಬಿಳಿಯ ಅಂಕಿ.

ದೋಣಿ ನಡೆಸುವ ಹೆಂಗಸು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದರು. ಊರಿನ ಮಕ್ಕಳು ಅವರನ್ನು ದೋಣಿಯಕ್ಕ ಅನ್ನುತ್ತಿದ್ದರು. "ಡೇರೆ ಆ ಕಲ್ಲುಗೋಡೆ ಹಿಂದೆ ಹಾಕಿ. ಈ ಕಡೆ ಹಾಕಿದ್ರೆ ಬೆಳಿಗ್ಗೆ ನಿಮ್ಮನ್ನ ಆಚೆ ದಡದಲ್ಲಿ ಹುಡುಕಬೇಕಾಗುತ್ತೆ."

ಗಂಡ ಆಗಲೇ ಜಾಕೆಟ್ಟಿನ ಕಾಲರು ತಿರುಗಿಸಿ ಚೀಟಿ ಓದುತ್ತಿದ್ದ. "ಅರೆ, ಇದು ನಿಮ್ಮ ಕಾರ್ಖಾನೆದಲ್ವೇನೇ? ಅದಕ್ಕೇ ಈ ಊರು! ಹೇಳಬಾರದಾ?" ದೋಣಿಯಕ್ಕನ ಕಡೆ ತಿರುಗಿ, ಹೆಂಡತಿಯ ಭುಜದ ಮೇಲೆ ಕೈಯಿಟ್ಟು, "ಇವಳೇ ಪರೀಕ್ಷೆ ಮಾಡೋದು. ಇವಳ ಸಹಿ ಇಲ್ದೆ ಒಂದೂ ಹೊರಗೆ ಹೋಗಲ್ಲ," ಎಂದ.

ದೋಣಿಯಕ್ಕ ಅವಳ ಎರಡೂ ಕೈ ಹಿಡಿದುಕೊಂಡರು. "ಹೌದಾ? ಮುಂಚೆ ಒಂಚೂರು ಅಲೆ ಎದ್ರೆ ಮಕ್ಕಳನ್ನ ಮನೇಲೇ ಇಟ್ಕೋತಿದ್ವಿ ಅಕ್ಕ. ಇವು ಬಂದ ಮೇಲೆ ಧೈರ್ಯ. ಅಲೆ ಇದ್ರೂ ಕಳಿಸ್ತೀವಿ."

ಅವಳಿಗೆ ಕೈ ಬಿಡಿಸಿಕೊಳ್ಳಬೇಕು ಅನ್ನಿಸಿತು. ಹಾಗೆ ಮಾಡಲಿಲ್ಲ. ಇಷ್ಟು ದಿನ ಅವಳು ತನಗೆ ತಾನೇ ಹೇಳಿಕೊಂಡಿದ್ದು, ಜಾಕೆಟ್ಟಿದ್ದರೂ ಇಲ್ಲದಿದ್ದರೂ ಆ ಮಕ್ಕಳು ದೋಣಿಯಲ್ಲಿ ಹೋಗುವವರೇ ತಾನೇ ಎಂದು. ಈಗ ಆ ಆಸರೆಯೂ ಹೋಯಿತು.

"ನಾಳೆ ನಿಮ್ಮ ಮಗಳೂ ಬರಲಿ. ಹನ್ನೊಂದನೇ ನಂಬರಿನ ಹುಡುಗಿಗೆ ಜ್ವರ, ಒಂದು ಜಾಕೆಟ್ ಖಾಲಿ ಇದೆ. ಇಲ್ಲಿ ರಜೆಗೆ ಇನ್ನೂ ಒಂದು ವಾರ ಇದೆ. ಶಾಲೆ ನೋಡ್ಕೊಂಡು ಸಂಜೆ ಬರ್ತಾಳೆ."

"ಬರ್ತಾಳೆ, ಬರ್ತಾಳೆ," ಎಂದ ಗಂಡ. ಕಡ್ಡಿ ಆಗಲೇ ಮರಳಿನಲ್ಲಿ ಕುಣಿಯುತ್ತಿದ್ದಳು.

ಹೊತ್ತು ಮುಳುಗುವ ಮುಂಚೆ, ಎಲ್ಲರೂ ಡೇರೆಯ ಹಗ್ಗ ಬಿಗಿಯುತ್ತಿದ್ದಾಗ, ಅವಳು ಸೌದೆ ತರುತ್ತೇನೆಂದು ಹೇಳಿ ದೋಣಿಮನೆಗೆ ಹೋದಳು. ಬಾಗಿಲಿಗೆ ಬೀಗವಿರಲಿಲ್ಲ. ಏಳನೇ ನಂಬರಿನ ಜಾಕೆಟ್ಟನ್ನು ಮೊಳೆಯಿಂದ ತೆಗೆದು ಶಾಲಿನಲ್ಲಿ ಸುತ್ತಿಕೊಂಡು, ಬಂಡೆಗಳ ನಡುವೆ ಸಮುದ್ರ ಬಿಟ್ಟುಹೋದ ಒಂದು ಹೊಂಡಕ್ಕೆ ಇಳಿದು, ಕಲ್ಲು ಕಟ್ಟಿ ಮುಳುಗಿಸಿದಳು. ಅದು ಪುಟ್ಟ ಪುಟ್ಟ ಗುಳ್ಳೆ ಬಿಡುತ್ತ ತಳ ಸೇರಿತು. ನಾಳೆ ಇದೇ ಹೊತ್ತಿನವರೆಗೆ ಅಲ್ಲಿರಬೇಕು.

ಹಿಂದಿರುಗುವಾಗ ಅವಳಿಗೆ ತನ್ನ ಲೆಕ್ಕ ಪೂರ್ತಿಯಾಗಿ ಕಂಡಿತು. ಒಂದು ಜಾಕೆಟ್ಟು ಕಡಿಮೆ. ಹನ್ನೊಂದು ಮಕ್ಕಳಿಗೆ ಹನ್ನೊಂದು ಸರಿಹೋಗುತ್ತದೆ. ಕಡ್ಡಿಗೆ ಉಳಿಯುವುದಿಲ್ಲ. ಕಡ್ಡಿ ದೋಣಿ ಹತ್ತುವುದಿಲ್ಲ. ಪರೀಕ್ಷೆಗೆಂದು ತೆಗೆದೆನೋ, ಮಗಳನ್ನು ದಡದಲ್ಲಿ ನಿಲ್ಲಿಸಿಕೊಳ್ಳಲು ತೆಗೆದೆನೋ? ಉತ್ತರ ಗೊತ್ತಿತ್ತು. ಸೌದೆ ತರುವುದು ಮರೆತೇಹೋಗಿತ್ತು.

ಬೆಳಿಗ್ಗೆ ಗಾಳಿ ಜೋರಾಗಿತ್ತು. ಮಕ್ಕಳು ಚೀಲ ಹೊತ್ತು ಬಂದು ತಮ್ಮ ತಮ್ಮ ನಂಬರು ತೊಟ್ಟುಕೊಂಡರು. ದೋಣಿಯಕ್ಕ ಮೊಳೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಏಳು ಎಲ್ಲಿ? ನಿನ್ನೆ ಸಂಜೆ ನಾನೇ ನೇತುಹಾಕಿದ್ದೆ."

ಏಳನೇ ನಂಬರಿನ ಹುಡುಗ ಜ್ವರದ ಹುಡುಗಿಯ ಜಾಕೆಟ್ಟು ತೊಟ್ಟುಕೊಂಡ. ಕಡ್ಡಿಯ ಪಾಲಿಗೆ ಬರೀ ಮೊಳೆ ಉಳಿಯಿತು. ಅವಳ ಮುಖ ಸಣ್ಣಗಾಯಿತು. ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ, "ಹೋಗ್ಲಿ ಬಿಡು ಮಗಾ, ನನ್ನ ಜೊತೆ ಕೂತು ಕಪ್ಪೆಚಿಪ್ಪು ಆರಿಸು," ಎಂದರು. ಅಮ್ಮ ನೆಮ್ಮದಿಯ ಉಸಿರು ಬಿಟ್ಟಳು. ಹಾಗೆ ಉಸಿರು ಬಿಟ್ಟದ್ದಕ್ಕೆ ನಾಚಿಕೆಯಾಯಿತು. ಎದುರಿಗೆ ಹನ್ನೊಂದು ಮಕ್ಕಳು ಬೆನ್ನ ಮೇಲೆ ಅವಳ ಸುಳ್ಳನ್ನು ಹೊತ್ತು ನಿಂತಿದ್ದರು.

ಆಗ ಒಂಬತ್ತನೇ ನಂಬರಿನ ಹುಡುಗ ತನ್ನ ಪಟ್ಟಿ ಬಿಚ್ಚಿದ. ಅವನು ದೋಣಿಯಕ್ಕನ ಮಗ. ಮುಂದಿನ ಎರಡು ಹಲ್ಲು ಬಿದ್ದಿದ್ದವು. "ಇದನ್ನ ನೀನು ಹಾಕ್ಕೋ. ನಂಗೆ ಈಜು ಬರುತ್ತೆ."

"ಬರುತ್ತೆ ಬರುತ್ತೆ, ಬಕೆಟ್ಟಲ್ಲಿ," ಎಂದರು ದೋಣಿಯಕ್ಕ. ಒಂದು ಗಳಿಗೆ ಯೋಚಿಸಿ, "ಸರಿ, ಮನೆಗೆ ಬಂದ ಮಗು ಅಳೋದು ಬೇಡ. ನೀನು ನನ್ನ ಕಾಲ ಹತ್ರಾನೇ ಕೂತ್ಕೋಬೇಕು, ಅಲ್ಲಾಡಬಾರದು," ಎಂದರು.

ಹುಡುಗ ಜಾಕೆಟ್ಟನ್ನು ಕಡ್ಡಿಗೆ ತೊಡಿಸಿ, ದೊಡ್ಡವರ ಹಾಗೆ ಪಟ್ಟಿ ಎಳೆದು ನೋಡಿದ. ಕಡ್ಡಿ ಅಮ್ಮನ ಕಡೆ ತಿರುಗಿ ಬೆನ್ನು ತೋರಿಸಿದಳು. ಒಂಬತ್ತು. ದೋಣಿಯ ಯಂತ್ರ ಗುರುಗುಟ್ಟಿತು.

"ಕಡ್ಡಿ, ಬಿಚ್ಚು ಅದನ್ನ."

"ಯಾಕಮ್ಮ?"

"ಬಿಚ್ಚು ಅಂದೆ. ಎಲ್ಲರೂ ಇಳೀರಿ. ದೋಣಿ ಹೋಗೋದು ಬೇಡ." ಅವಳು ಮೊಣಕಾಲಿನವರೆಗೆ ನೀರಿಗಿಳಿದು ದೋಣಿಯ ಅಂಚು ಹಿಡಿದಿದ್ದಳು. "ಏಳನೇದನ್ನ ನಾನೇ ತಗೊಂಡಿದ್ದು. ಇವನ್ನ ನಾನು ಪರೀಕ್ಷೆ ಮಾಡಿಲ್ಲ. ಬರೆದಿದ್ದೆಲ್ಲ ಸುಳ್ಳು."

ದೋಣಿಯಕ್ಕ ಯಂತ್ರ ನಿಲ್ಲಿಸಿದರು. ಅವಳು ಎಲ್ಲವನ್ನೂ ಹೇಳಿದಳು. ಹೆಬ್ಬೆರಳಿಗೆ ತಡವಾಗಿ ಎದ್ದ ಫೋಮ್, ಲಾರಿ, ಪ್ರವಾಸದ ಅವಸರ, ನಕಲು ಮಾಡಿದ ಅಂಕಿ. ಮಾತಿಗೆ ಇಷ್ಟು ಸ್ವಲ್ಪವೇ ಹೊತ್ತು ಸಾಕಾಯಿತಲ್ಲ ಎಂದು ಅವಳಿಗೇ ಸೋಜಿಗವಾಯಿತು. ಎರಡು ನಿಮಿಷವೂ ಆಗಿರಲಿಲ್ಲ. ಅಲೆಗಳು ದೋಣಿಯ ಹೊಟ್ಟೆಗೆ ಬಡಿಯುತ್ತಲೇ ಇದ್ದವು.

"ಒಂದು ವರ್ಷ," ಎಂದರು ದೋಣಿಯಕ್ಕ.

"ಹೂಂ."

"ದಿನಕ್ಕೆ ಎರಡು ಸಲ."

ಅವಳು ತಲೆಯಾಡಿಸಿದಳು.

"ನಿನ್ನೆ ನಿಮ್ಮ ಕೈ ಹಿಡ್ಕೊಂಡೆ ನಾನು. ಆಗ ಹೇಳಲಿಲ್ಲ. ನಿಮ್ಮ ಮಗಳು ಹಾಕ್ಕೊಂಡ ಮೇಲೆ ಬಾಯಿ ಬಂತು."

ದನಿ ಏರಿರಲಿಲ್ಲ. ಬೈದಿದ್ದರೆ ಏನಾದರೂ ಹೇಳಬಹುದಿತ್ತು. ಅವಳು ದೋಣಿಯ ಅಂಚಿನಿಂದ ಕೈ ತೆಗೆದಳು.

ಗಂಡ ಅವಳ ಮುಖ ನೋಡಲಿಲ್ಲ. ಅವನ ಮುಖದಲ್ಲಿ ಯಾವಾಗಲೂ ಒಂದು ಮೂಲೆಯಲ್ಲಿ ಇರುತ್ತಿದ್ದ ತಮಾಷೆ ಆರಿಹೋಗಿತ್ತು. "ಶಾಲೆಗೆ ಸುತ್ತು ರಸ್ತೆ ಇದೆಯಾ?" ಎಂದು ದೋಣಿಯಕ್ಕನನ್ನು ಕೇಳಿದ.

"ಇದೆ. ಒಂದೂವರೆ ಗಂಟೆ."

"ಬನ್ರೋ ಮಕ್ಕಳೇ. ಎರಡು ಟ್ರಿಪ್ ಹೊಡೀತೀನಿ." ಡೇರೆಯ ಸಾಮಾನು ಮರಳಿಗೆ ಸುರಿದು ವ್ಯಾನು ಖಾಲಿ ಮಾಡಿ, ಮೊದಲ ಆರು ಮಕ್ಕಳನ್ನು ಕೂರಿಸಿಕೊಂಡು ಹೊರಟುಹೋದ.

ದಡದಲ್ಲಿ ಉಳಿದ ಜಾಕೆಟ್ಟುಗಳನ್ನು ಅವಳು ಒಂದೊಂದಾಗಿ ಹೊಂಡಕ್ಕೆ ಹೊತ್ತಳು. ಎಲ್ಲರ ಕಣ್ಣೆದುರಿಗೇ ಕಲ್ಲು ಕಟ್ಟಿದಳು. ಹಗ್ಗದ ಗಂಟು ಸಡಿಲವಾದ ಕಡೆ ದೋಣಿಯಕ್ಕ ಅವಳ ಕೈಯಿಂದ ಕಿತ್ತುಕೊಂಡು ತಾವೇ ಬಿಗಿದರು. ನಾಳೆ ಬೆಳಿಗ್ಗೆಯವರೆಗೆ ಅವು ಅಲ್ಲೇ. ಅತ್ತೆ ನಿಧಾನವಾಗಿ ಮರಳು ದಾಟಿ ಬಂದು, ಒಂಬತ್ತು ಗಂಟೆ ತಬ್ಬಿಕೊಂಡು ತಂದಿದ್ದ ಕುರ್ಚಿಯನ್ನು ಹೊಂಡದ ಪಕ್ಕ ಬಿಚ್ಚಿಟ್ಟು, ದೋಣಿಯಕ್ಕನಿಗೆ "ಕೂತ್ಕೊಳಮ್ಮ," ಎಂದರು. ಸೊಸೆಯ ಕಡೆ ಒಮ್ಮೆ ನೋಡಿದರು. ತಾವು ಬಂಡೆಯ ಮೇಲೆ ಕೂತರು.

ಆ ದಿನ ಇಡೀ ಊರು ಅಲ್ಲಿಗೆ ಬಂದು ಹೋಯಿತು. ಬಂದವರು ಹೊಂಡವನ್ನು ನೋಡುತ್ತಿದ್ದರು, ಆಮೇಲೆ ಅವಳನ್ನು, ಆಮೇಲೆ ಸಮುದ್ರವನ್ನು. ಅವಳು ಎದ್ದು ಹೋಗಲಿಲ್ಲ. ತೊಟ್ಟಿಯ ಪಕ್ಕ ಹೋದ ವರ್ಷ ಕಾಯಬೇಕಾಗಿದ್ದ ಆ ಒಂದು ದಿನವನ್ನು ಈಗ ಕಾಯುತ್ತಿದ್ದೇನೆ ಅನ್ನಿಸಿತು, ಇಷ್ಟು ಕಣ್ಣುಗಳ ಮುಂದೆ.

ಮರುದಿನ ಬೆಳಿಗ್ಗೆ ದಿಂಬಿನ ಚೀಲದಿಂದ ಕಬ್ಬಿಣ ಹೊರಬಂತು. ಗಂಡ ಅದನ್ನು ನೋಡಿದ. ಒಂದೊಂದು ಜಾಕೆಟ್ಟಿನ ಕಲ್ಲು ಬಿಚ್ಚಿ, ಅದೇ ಐದು ಕಿಲೋ ಕಟ್ಟಿ ದೋಣಿಯ ಪಕ್ಕದ ಆಳಕ್ಕೆ ಬಿಡುವುದು. ಒಳ್ಳೆಯದಾದರೆ ಅದನ್ನು ಹೊತ್ತು ತೇಲಬೇಕು. ಮೊದಲು ಏಳನೆಯದು, ಅವಳು ಕದ್ದದ್ದು. ತೇಲಿತು, ನೆತ್ತಿ ನೀರಿನ ಮೇಲೆ ಚೆನ್ನಾಗಿ ಕಾಣುವ ಹಾಗೆ. ಅದೊಂದನ್ನೇ ನೋಡಿದ್ದರೆ ಎದೆ ಹಗುರ ಮಾಡಿಕೊಂಡು ಮನೆಗೆ ಹೊರಟುಬಿಡುತ್ತಿದ್ದೆ ಎಂದು ಅವಳಿಗೆ ಗೊತ್ತಾಯಿತು. ಒಂದನೇ ನಂಬರಿನದು ತೇಲಿತು. ಎರಡನೆಯದು ಒಂದು ಗಳಿಗೆ ನಿಂತ ಹಾಗೆ ಮಾಡಿ, ವಾಲಿ, ಕಿತ್ತಳೆಯಿಂದ ಕಂದು, ಕಂದಿನಿಂದ ಕಪ್ಪಾಗಿ ಕೆಳಗೆ ಹೋಯಿತು. ಒಂಬತ್ತನೆಯದು ತೇಲಿತು. ದೋಣಿಯಕ್ಕನ ಹೆಗಲು ತುಸು ಇಳಿಯಿತು. ಹನ್ನೊಂದನೆಯದು ಮುಳುಗಿತು. ಉಳಿದವೆಲ್ಲ ತೇಲಿದವು.

"ಎರಡನೇದು ನಮ್ಮಕ್ಕನ ಮಗಳದ್ದು," ಎಂದರು ದೋಣಿಯಕ್ಕ, ಹಗ್ಗ ಎಳೆಯುತ್ತ. "ಹನ್ನೊಂದನೇದು ಆ ಜ್ವರದ ಹುಡುಗಿದು."

ಅವಳು ಶಾಲೆಯ ನೋಟುಪುಸ್ತಕವೊಂದನ್ನು ಕೇಳಿ ಪಡೆದು ಹನ್ನೆರಡು ಸಾಲು ಬರೆದಳು. ಕೆಳಗೆ ಇಂದಿನ ತಾರೀಕು ಹಾಕಿ, ಹೋದ ವರ್ಷ ಪರೀಕ್ಷೆ ಮಾಡಿರಲಿಲ್ಲ ಎಂದು ಬರೆದು ಸಹಿ ಮಾಡಿ ದೋಣಿಯಕ್ಕನಿಗೆ ಕೊಟ್ಟಳು. ದಿಬ್ಬ ಹತ್ತಿ, ಸಿಗ್ನಲ್ ಸಿಕ್ಕ ಕಡೆ ನಿಂತು, ಮಾಲೀಕರಿಗೆ ಫೋನು ಮಾಡಿದಳು. ಆ ಫೋಮಿನ ಉಳಿದ ಹಾಳೆಗಳನ್ನು ಮುಟ್ಟಬೇಡಿ, ಅದು ಎಲ್ಲೆಲ್ಲಿಗೆ ಹೋಗಿದೆ ನೋಡಿ ಎಂದು ಅವಳು ಎರಡು ಸಲ ಹೇಳಬೇಕಾಯಿತು. "ನೋಡ್ತೀನಿ. ನೀನು ಬಾ. ಪರೀಕ್ಷೆ ಪುಸ್ತಕ ಮೇಜಿನ ಮೇಲೇ ಇರುತ್ತೆ," ಎಂದರು ಕೊನೆಗೆ. ಎಂದಿನ ಹಾಗೆ ಮಾತಿನ ಕೊನೆಗೆ 'ಅಮ್ಮ' ಸೇರಿಸಲಿಲ್ಲ.

ಇಳಿದು ಬರುವಾಗ ಗಂಡ ಅರ್ಧ ದಾರಿಯಲ್ಲಿ ನಿಂತಿದ್ದ. ನಿನ್ನೆಯಿಂದ ಅವನು ಅವಳಿಗೆಂದು ಆಡಿದ ಮೊದಲ ಮಾತು ಅದು: "ಹನ್ನೆರಡರಲ್ಲಿ ಹತ್ತು ಚೆನ್ನಾಗಿವೆ. ನೀನು ಅವತ್ತು ಒಂದನ್ನ ತೊಟ್ಟಿಗೆ ಹಾಕಿದ್ರೂ ಒಳ್ಳೇದೇ ಕೈಗೆ ಸಿಕ್ತಿತ್ತೇನೋ. ಆಗ್ಲೂ ಸಹಿ ಹಾಕ್ತಿದ್ದೆ."

ಅವನು ಈ ಸಮಾಧಾನವನ್ನು ಬೆಳಿಗ್ಗೆಯಿಂದ ಹುಡುಕಿ ತಂದಿದ್ದಾನೆ ಎಂದು ಅವಳಿಗೆ ತಿಳಿಯಿತು. ತಗೊಳ್ಳಬೇಕು ಅನ್ನಿಸಿತು.

"ತೊಟ್ಟಿಗೆ ಹಾಕಿರಲಿಲ್ವಲ್ರೀ," ಎಂದಳು.

ಅವನು ತಲೆಯಾಡಿಸಿ ಪಕ್ಕಕ್ಕೆ ಸರಿದ. ಇಬ್ಬರೂ ಇಳಿದರು.

ಡೇರೆ ಮಡಚಿದರು. ದೋಣಿಯಕ್ಕ ಬೀಳ್ಕೊಡಲು ಬರಲಿಲ್ಲ, ದೋಣಿಮನೆಯ ಬಾಗಿಲಲ್ಲಿ ನಿಂತು ನೋಡಿದರು ಅಷ್ಟೇ. ಅವರ ಹಿಂದೆ ಗೋಡೆಯ ಮೇಲೆ ಬರೀ ಮೊಳೆಗಳಿದ್ದವು. ತೇಲಿದ ಹತ್ತನ್ನೂ ಅವರು ಮತ್ತೆ ನೇತುಹಾಕಿರಲಿಲ್ಲ. ಅತ್ತೆ ಕುರ್ಚಿಯನ್ನು ಹೊಂಡದ ಪಕ್ಕವೇ ಬಿಟ್ಟು ಬಂದಿದ್ದರು. ಮರೆತಿದ್ದೀರಿ ಎಂದು ಗಂಡ ಹೇಳಿದಾಗ, "ಮರೆತಿಲ್ಲ, ಗಾಡಿ ಬಿಡು," ಎಂದರು.

ಮರಳು ಮುಗಿದು ಡಾಂಬರು ಸಿಕ್ಕಿತು. ಮೊದಲ ಸೇತುವೆ ಬಂತು, ಎರಡನೆಯದೂ ಬಂತು. ಕಡ್ಡಿ ಎಣಿಸಲಿಲ್ಲ. ಮೂರನೆಯ ಸೇತುವೆಯ ಮೇಲೆ ಹಿಂದಿನ ಸೀಟಿನಿಂದ ಅವಳ ದನಿ ಬಂತು.

"ಅಮ್ಮ. ಹೋದ್ವರ್ಷ ಬೇಗ ಬಾ ಅಂತ ಫೋನ್ ಮಾಡಿದ್ದು ನಾನೇ ಅಲ್ವಾ?"

ಅಮ್ಮ ಸೀಟಿನಲ್ಲಿ ಪೂರ್ತಿ ತಿರುಗಿ ಕೂತಳು. ಮಗಳು ಅಜ್ಜಿಯ ತೋಳಿಗೆ ಒರಗಿ, ತನ್ನ ಹೆಬ್ಬೆರಳನ್ನು ಸೀಟಿನ ಮೆತ್ತೆಗೆ ಒತ್ತುತ್ತ, ಬಿಡುತ್ತ, ಮತ್ತೆ ಒತ್ತುತ್ತ ಇದ್ದಳು.

"ಬಾ ಅಂತ ಕರೆದಿದ್ದು ನೀನು," ಎಂದಳು ಅವಳು. "ಮಕ್ಕಳು ಕರೀತಾರೆ. ಅದು ತಪ್ಪಲ್ಲ. ಬರೆದಿದ್ದು ನಾನು. ಒಬ್ಬಳೇ."

ಕಡ್ಡಿ ಮತ್ತೆ ಹೆಬ್ಬೆರಳು ಒತ್ತಿದಳು. ಗುಳಿ ಎದ್ದು ಬರುವುದನ್ನೇ ನೋಡುತ್ತಿದ್ದಳು. ವ್ಯಾನು ನಾಲ್ಕನೆಯ ಸೇತುವೆ ದಾಟಿತು. ಅಮ್ಮ ಮುಂದಕ್ಕೆ ತಿರುಗದೆ ಹಾಗೇ ಕೂತಿದ್ದು, ಅದನ್ನೇ ಮತ್ತೊಮ್ಮೆ, ಇನ್ನೂ ನಿಧಾನವಾಗಿ ಹೇಳಿದಳು. ಮನೆ ಮುಟ್ಟಲು ಇನ್ನೂ ಎಂಟು ಗಂಟೆ ದಾರಿಯಿತ್ತು. ಎಷ್ಟು ಸಲ ಹೇಳಬೇಕಾದರೂ ಹೇಳಬಹುದಿತ್ತು.